ಪೂಲಲ್ಲಿ ಆರಾಮಾಗಿ ಈಜ್ತೀನಿ, ಸರೋವರದಲ್ಲಿ ಇಪ್ಪತ್ತು ಸ್ಟ್ರೋಕಿಗೇ ಉಸಿರು ಸಿಕ್ಕಾಕೊಳ್ತು, ಏನ್ ಮಾಡ್ಲಿ?

ಈಜುಕೋಳಿ:
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ 25 ಮೀಟರ್ ಪೂಲಲ್ಲಿ ಈಜ್ತಾ ಇದೀನಿ, ಫ್ರೀಸ್ಟೈಲಲ್ಲಿ 1500 ಮೀಟರ್ ನಿಲ್ಲಿಸದೆ ಹೊಡೀತೀನಿ, 35 ನಿಮಿಷದ ಹತ್ರ ಆಗತ್ತೆ. ಇನ್ನೆರಡು ತಿಂಗಳಿಗೆ ಸರೋವರದಲ್ಲಿ ಅಷ್ಟೇ ದೂರದ ಒಂದು ರೇಸಿಗೆ ಹೆಸರು ಕೊಟ್ಟುಬಿಟ್ಟೆ. ಹೋದ ವಾರ ಸುಮ್ನೆ ನೋಡೋಣ ಅಂತ ಇಳಿದ್ರೆ, ಮುಖ ಒಳಗೆ ಹಾಕಿದ ತಕ್ಷಣ ಬರೀ ಹಸಿರು ಕತ್ತಲೆ, ನನ್ನ ಕೈನೇ ನನಗೆ ಕಾಣ್ತಿಲ್ಲ, ಎದೆ ಡವಡವ, ಇಪ್ಪತ್ತು ಸ್ಟ್ರೋಕ್ ಆಗೋಷ್ಟರಲ್ಲಿ ದಡಕ್ಕೆ ವಾಪಸ್. ಸ್ಟ್ಯಾಮಿನಾ ಸಾಲ್ತಿಲ್ವಾ? ಪೂಲಲ್ಲಿ ದೂರ ಜಾಸ್ತಿ ಮಾಡ್ಲಾ?

ತಣ್ಣೀರು_ತಾತ:
ಸ್ಟ್ಯಾಮಿನಾ ಅಲ್ಲ ಮಾರಾಯ್ರೇ, ಇಪ್ಪತ್ತು ಸ್ಟ್ರೋಕಿಗೆ ಯಾರ ಸ್ಟ್ಯಾಮಿನಾನೂ ಖಾಲಿ ಆಗಲ್ಲ. ಅದು ತಣ್ಣೀರಿನ ಶಾಕ್. ಚರ್ಮಕ್ಕೆ ದಿಢೀರ್ ಅಂತ ತಣ್ಣೀರು ತಾಗಿದ್ರೆ ನಾವು ಬೇಡ ಅಂದ್ರೂ ಉಸಿರು ಎಳ್ಕೊಳ್ಳತ್ತೆ, ಆಮೇಲೆ ನಾಯಿ ತೇಕಿದ ಹಾಗೆ ತೇಕ್ತೀವಿ, ಅದೇ ಹೊತ್ತಲ್ಲಿ ಮುಖ ನೀರೊಳಗಿದ್ರೆ ಕಥೆ ಮುಗೀತು. ಎರಡು ಮೂರು ನಿಮಿಷ ಕಾದ್ರೆ ತಾನಾಗೇ ಇಳಿಯತ್ತೆ. ಹಂಗಾಗಿ ಡೈವ್ ಹೊಡೀಬೇಡಿ. ಸೊಂಟದ ಮಟ್ಟಕ್ಕೆ ನಡ್ಕೊಂಡು ಹೋಗಿ, ಮುಖಕ್ಕೆ, ಕತ್ತಿಗೆ ನೀರು ಎರಚ್ಕೊಳ್ಳಿ, ಬಾಯಿ ಮುಳುಗಿಸಿ ಬುಳುಬುಳು ಅಂತ ಗುಳ್ಳೆ ಬಿಡಿ. ಗಾಬರಿಯಲ್ಲಿ ಎಳ್ಕೊಳ್ತಾನೇ ಇರ್ತೀವಿ, ಬಿಡೋದೇ ಮರ್ತೋಗತ್ತೆ. ಮಧ್ಯದಲ್ಲಿ ಮತ್ತೆ ಹಂಗಾದ್ರೆ ಅಂಗಾತ ಮಲಗಿ ತೇಲಿ, ಉಸಿರು ಸರಿಹೋದ್ಮೇಲೆ ಮುಂದೆ ಹೋಗಿ. ರೇಸಿಗೆ ಮುಂಚೆ ಐದಾರು ಸಲ ಹಿಂಗೆ ಬರೀ ಕೆಲವು ನಿಮಿಷ ಇಳಿದು ಬಂದ್ರೂ ಮೈ ಒಗ್ಗತ್ತೆ. ಒಬ್ಬರೇ ಮಾತ್ರ ಹೋಗ್ಬೇಡಿ.

ಅಡ್ಡದಾರಿ:
ತಾತ ಹೇಳಿದ್ದು ಸರಿ, ಆದ್ರೆ ಪೂಲಿನ 1500 ಅನ್ನೋದೂ ಸ್ವಲ್ಪ ಮೋಸಾನೇ ಬಿಡಿ, 59 ಸಲ ಗೋಡೆ ಒದೀತೀರ, ಒಂದೊಂದಕ್ಕೆ ನಾಲ್ಕು ಮೀಟರ್ ಜಾರಿದ್ರೂ 236 ಮೀಟರ್ ಪುಕ್ಕಟೆ 😄 ಅದಕ್ಕೇ ಗೋಡೆ ಬರೋ ಮುಂಚೆನೇ, ತಳದ ಕಪ್ಪು ಗೆರೆ ಟಿ ಆಕಾರದಲ್ಲಿ ಮುಗಿಯೋ ಕಡೆ, ಏನೂ ಮುಟ್ಟದೆ ತಿರುಗಿ ಬರೋದು ಪ್ರಾಕ್ಟೀಸ್ ಮಾಡಿ, ಭುಜ ಬಾಯಿ ಬಿಡತ್ತೆ.

ಇನ್ನೊಂದು, ಸರೋವರದಲ್ಲಿ ದಾರಿ ತೋರ್ಸೋಕೆ ಕೆಳಗೆ ಆ ಕಪ್ಪು ಗೆರೆ ಇರಲ್ಲ. ಮೊಸಳೆ ಥರ ಕಣ್ಣಷ್ಟೇ ಮೇಲೆ ತಂದು ಮುಂದೆ ನೋಡ್ಬೇಕು, ಉಸಿರನ್ನ ಯಾವಾಗಿನ ಹಾಗೆ ಪಕ್ಕಕ್ಕೇ ತಗೋಬೇಕು. ತಲೆ ಪೂರ್ತಿ ಎತ್ತಿದ್ರೆ ಸೊಂಟ ಮುಳುಗತ್ತೆ, ಬ್ರೇಕ್ ಹಾಕ್ದಂಗೆ. ರೇಸ್ ದಾರಿಗೆ ಅಂತ ಬಿಟ್ಟಿರೋ ತೇಲೋ ಗುರುತು ನೀರಿನ ಮಟ್ಟದಿಂದ ಕಾಣೋದೇ ಇಲ್ಲ ಎಷ್ಟೋ ಸಲ, ಅದರ ಹಿಂದೆ ದಡದಲ್ಲಿ ಇರೋ ಎತ್ತರದ ಮರಾನೋ ಬಿಲ್ಡಿಂಗೋ ಮೊದಲೇ ನೋಡಿಟ್ಕೊಳ್ಳಿ. ನನ್ನ ಮೊದಲನೇ ರೇಸಲ್ಲಿ ಯಾರೋ ಹಳದಿ ಟೋಪಿಯವರ ಹಿಂದೆ ನಂಬ್ಕೊಂಡು ಹೋದೆ, ಅವ್ರೂ ದಾರಿ ತಪ್ಪಿದ್ರು, ಕಯಾಕ್‌ನವ್ರು ಬಂದು ಇಬ್ರನ್ನೂ ಅಟ್ಟಿಕೊಂಡು ಬಂದ್ರು.

ಲೇನ್ ಖಾಲಿ ಇದ್ದಾಗ ಕಣ್ಣು ಮುಚ್ಚಿ ಹತ್ತು ಸ್ಟ್ರೋಕ್ ಹಾಕಿ ನೋಡಿ, ಯಾವ ಕಡೆ ಎಳೀತೀರ ಗೊತ್ತಾಗತ್ತೆ.

ಗುಳ್ಳೆಗುಂಡ:
ವೆಟ್‌ಸೂಟ್, ಅಂದ್ರೆ ಮೈಗೆ ಅಂಟ್ಕೊಳ್ಳೋ ರಬ್ಬರ್ ಥರದ ಈಜು ಸೂಟ್, ಅದರ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ಬೆಚ್ಚಗಿರತ್ತೆ, ಕಾಲೂ ಮೇಲೆ ತೇಲತ್ತೆ. ಆದ್ರೆ ರೇಸ್ ದಿನವೇ ಮೊದಲನೇ ಸಲ ಹಾಕ್ಬೇಡಿ, ಕತ್ತಿನ ಹತ್ರ ಬಿಗಿಯಾಗಿ ಯಾರೋ ಹಿಸುಕ್ತಿದಾರೆ ಅನ್ಸತ್ತೆ, ಗಾಬರಿಗೆ ಅಷ್ಟು ಸಾಕು. ಕತ್ತಿಗೆ ಜೆಲ್ ಹಚ್ಚದಿದ್ರೆ ಉಜ್ಜಿ ಉಜ್ಜಿ ಗಾಯ. ನಾನು ವ್ಯಾಸಲೀನ್ ಹಚ್ಚಿದ ಕೈಯಲ್ಲೇ ಗಾಗಲ್ಸ್ ಮುಟ್ಟಿ, ಪೂರ್ತಿ ರೇಸ್ ಮಂಜಿನಲ್ಲಿ ಈಜಿದ ಹಾಗಾಗಿತ್ತು 🤦

ತಣ್ಣೀರು_ತಾತ:
@ಗುಳ್ಳೆಗುಂಡ ಸೂಟ್ ಬೇಕಾ ಬೇಡ್ವಾ ಅನ್ನೋದು ನೀರಿನ ಟೆಂಪರೇಚರ್ ನೋಡ್ಕೊಂಡು. ಈಜಿನ ಅಂತಾರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್ ರೂಲಲ್ಲಿ 16 ಡಿಗ್ರಿಗಿಂತ ಕಡಿಮೆ ಇದ್ರೆ ರೇಸೇ ಇಲ್ಲ, 18ಕ್ಕಿಂತ ಕಡಿಮೆ ಇದ್ರೆ ಸೂಟ್ ಕಡ್ಡಾಯ. ನಿಮ್ಮ ರೇಸಿನವ್ರ ರೂಲ್ ಬೇರೆ ಇರ್ಬಹುದು, ಕೇಳಿಬಿಡಿ. ಹೊರಗೆ ಬಂದ್ಮೇಲೂ ಸ್ವಲ್ಪ ಹೊತ್ತು ಮೈ ಒಳಗಿನ ಬಿಸಿ ಇಳೀತಾನೇ ಇರತ್ತೆ, ಫೋಟೋ ಆಮೇಲೆ, ಮೊದಲು ಒಣಗಿದ ಬಟ್ಟೆ ಹಾಕೊಳ್ಳಿ.

ಈಜುಕೋಳಿ:
ಎಲ್ಲರಿಗೂ ಥ್ಯಾಂಕ್ಸ್! ಇವತ್ತು ಪೂಲಲ್ಲಿ ಕಣ್ಣು ಮುಚ್ಚಿ ಈಜಿದೆ, ಏಳನೇ ಸ್ಟ್ರೋಕಿಗೇ ಎಡಗಡೆ ಲೇನ್ ಹಗ್ಗಕ್ಕೆ ಮೊಣಕೈ. ಮೂರು ಸಲ ಮಾಡಿದ್ರೂ ಎಡಕ್ಕೇ. ನಾನು ಬಲಗಡೆಗೆ ಮಾತ್ರ ಉಸಿರು ತಗೊಳ್ಳೋದು, ಅದಕ್ಕೇನಾ?

ಅಡ್ಡದಾರಿ:
ಬಹುಶಃ ಅದೇ. ಎಡಗಡೆ ಉಸಿರು ಇವತ್ತಿಂದಲೇ ಶುರು ಮಾಡಿ, ಮೊದಲ ವಾರ ನೀರು ಕುಡೀತೀರ, ಪರವಾಗಿಲ್ಲ. ಬಲಗಡೆಯಿಂದ ಅಲೆ ಬಂದ ದಿನ ಅದು ಬೇಕೇ ಬೇಕು. ಆಮೇಲೆ ಮುಂದಿನ ಸಲ ಸರೋವರಕ್ಕೆ ಜೊತೆಗೆ ಯಾರನ್ನ ಕರ್ಕೊಂಡು ಹೋಗ್ತೀರ, ಅದನ್ನ ಹೇಳಿಲ್ಲ ನೀವು.