ಸಾಲ ತೀರದ ಮನೆ ಬಾಡಿಗೆಗೆ: ಬ್ಯಾಂಕನ್ನು ಕೇಳಲೇಬೇಕಾ?

ಯಲಹಂಕದಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್. ಮನೆ ಸಾಲ ಇನ್ನೂ 14 ವರ್ಷ ಬಾಕಿ. ಮುಂದಿನ ತಿಂಗಳು ಪುಣೆಗೆ ವರ್ಗಾವಣೆ. ಬ್ರೋಕರ್ ಎರಡು ದಾರಿ ಹೇಳ್ತಿದ್ದಾನೆ: ತಿಂಗಳಿಗೆ 24,000 ಬಾಡಿಗೆ, ಇಲ್ಲಾಂದ್ರೆ 18 ಲಕ್ಷಕ್ಕೆ ಮೂರು ವರ್ಷ ಲೀಸ್ (ತಿಂಗಳ ಬಾಡಿಗೆ ಇಲ್ಲ, ಇಡಿಗಂಟು ಮೊದಲೇ ಕೊಡ್ತಾರೆ, ಬಿಡುವಾಗ ವಾಪಸ್ ಕೊಡಬೇಕು). ಲೀಸ್ ದುಡ್ಡನ್ನ ಸಾಲಕ್ಕೇ ಕಟ್ಟಿಬಿಡೋಣ ಅಂತ ಆಸೆ. ಬ್ಯಾಂಕಿಗೆ ಹೇಳಬೇಕಾ? ಹೇಳಿದ್ರೆ ತಕರಾರು ತೆಗೀತಾರಾ? ಅನುಭವ ಇದ್ದವರು ತಿಳಿಸಿ.

*

ನಾನು 2021ರಲ್ಲಿ ಇದೇ ಕೆಲಸಕ್ಕೆ ಓಡಾಡಿದ್ದೀನಿ ಸರ್. ಶಾಖೆಯಲ್ಲಿ ಕೇಳಿದ್ರೆ ಕೌಂಟರಿನಲ್ಲಿದ್ದ ಹುಡುಗಿ "ಅದೆಲ್ಲ ಏನೂ ಬೇಡ, ಇಎಂಐ ತಪ್ಪಿಸಬೇಡಿ ಅಷ್ಟೇ" ಅಂದ್ಲು. ಖುಷಿಯಾಗಿ ಮನೆಗೆ ಬಂದೆ. ರಾತ್ರಿ ಯಾಕೋ ಅನುಮಾನ ಬಂದು ಬೀರುವಿನಿಂದ ಸಾಲದ ಕರಾರು ತೆಗೆದು ನೋಡ್ತೀನಿ, ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಬಾಡಿಗೆಗಾಗಲಿ ಭೋಗ್ಯಕ್ಕಾಗಲಿ ಕೊಡೋ ಹಾಗಿಲ್ಲ ಅಂತ ಇರುವೆ ಅಕ್ಷರದಲ್ಲಿ ಇದೆ. ಪ್ರತಿ ಹಾಳೆಯ ಕೆಳಗೂ ನನ್ನದೇ ಸಹಿ!

ಮರುದಿನ ಅರ್ಜಿ ಬರೆದೆ. ಸಾಲದ ಖಾತೆ ನಂಬರು, ಫ್ಲ್ಯಾಟ್ ವಿವರ, ಊರು ಬಿಡಲು ಕಾರಣ, 11 ತಿಂಗಳ ಕರಾರು, ಇಷ್ಟು ಬಾಡಿಗೆ, ಇಷ್ಟು ಅಡ್ವಾನ್ಸ್, ಜೊತೆಗೆ ಕರಾರಿನ ಕರಡು. ಅದನ್ನ ವಾಪಸ್ ಕೊಟ್ರು. ಸಾಲದಲ್ಲಿ ನನ್ನ ಹೆಂಡತಿಯೂ ಇದ್ದಾಳೆ, ಅವಳ ಸಹಿ ಇರಲಿಲ್ಲ. ಎರಡನೇ ಸಲ ಇಬ್ಬರ ಸಹಿ ಹಾಕಿ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲ್ ಹಾಕಿಸಿಕೊಂಡೆ. ಹತ್ತೊಂಬತ್ತು ದಿನಕ್ಕೆ ಎರಡು ಸಾಲಿನ ಪತ್ರ ಬಂತು: ಆಕ್ಷೇಪಣೆ ಇಲ್ಲ, ಬ್ಯಾಂಕಿನ ಹಕ್ಕಿಗೆ ಬಾಧೆ ಬರಬಾರದು. ದುಡ್ಡೇನೂ ಕೇಳಲಿಲ್ಲ.

ಅವತ್ತೇ ಪತ್ರವ್ಯವಹಾರದ ವಿಳಾಸವನ್ನೂ ಬದಲಾಯಿಸಿ. ನಾನು ಮರೆತಿದ್ದೆ. ಬಡ್ಡಿ ದರ ಏರಿಸಿದ ಪತ್ರ ಎಂಟು ತಿಂಗಳು ಬಾಡಿಗೆಯವರ ಚಪ್ಪಲಿ ಗೂಡಿನ ಮೇಲೆ ಬಿದ್ದಿತ್ತು, ಪಿಜ್ಜಾ ಅಂಗಡಿಯ ಕರಪತ್ರಗಳ ನಡುವೆ.

*

ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ತಿಂಗಳ ಬಾಡಿಗೆ, 11 ತಿಂಗಳ ಕರಾರು ಅಂದರೆ ನಾವು ಸಾಮಾನ್ಯವಾಗಿ ತಡೆಯುತ್ತಿರಲಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, ಹನ್ನೊಂದರ ಲೆಕ್ಕ ಹುಟ್ಟಿದ್ದೇ ಅದರಿಂದ. ಲೀಸ್ ಅಂದ ಕೂಡಲೇ ಮಾತ್ರ ಪೆನ್ನು ಕೆಳಗಿಡುತ್ತಿದ್ದೆವು.

ಕಾರಣ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಮು ಅಡವಿಟ್ಟವನಿಗೂ ಮನೆ ಬಾಡಿಗೆಗೆ ಕೊಡುವ ಅಧಿಕಾರ ಕೊಡುತ್ತದೆ. ಆದರೆ ನ್ಯಾಯವಾದ ಬಾಡಿಗೆ ಬರಬೇಕು, ಮುಂಗಡ ಬಾಡಿಗೆ ಕೂಡದು, ನವೀಕರಣದ ಮಾತು ಕೊಡುವಂತಿಲ್ಲ, ಕಟ್ಟಡವಾದರೆ ಮೂರು ವರ್ಷ ಮೀರುವಂತಿಲ್ಲ. ಇಷ್ಟೂ ಅಧಿಕಾರ ನಿಮ್ಮ ಅಡಮಾನದ ಕರಾರು ಬೇರೆ ಹೇಳದಿದ್ದರೆ ಮಾತ್ರ. ಅದು ಸಾಧಾರಣವಾಗಿ ಬೇರೆಯೇ ಹೇಳಿರುತ್ತದೆ. ನಮ್ಮ ಬೆಂಗಳೂರಿನ ಲೀಸ್‌ನಲ್ಲಿ ಬಾಡಿಗೆಯೇ ಇಲ್ಲ, ಇಡಿಗಂಟು ಮೊದಲೇ ಕೈಗೆ ಬರುತ್ತದೆ, ಆ ಗಂಟು ವಾಪಸ್ ಸಿಗುವವರೆಗೆ ಇರುವವರು ಏಳುವುದಿಲ್ಲ. ಬ್ಯಾಂಕಿನ ಕಣ್ಣಿಗೆ ಅದು ಅದೇ ಮನೆಯ ಮೇಲೆ ಇನ್ನೊಂದು ಸಾಲ. 18 ಲಕ್ಷ ಸಾಲಕ್ಕೆ ಕಟ್ಟಿದಿರಿ ಎನ್ನೋಣ. ಮೂರು ವರ್ಷಕ್ಕೆ ವಾಪಸ್ ಕೊಡಲು ಎಲ್ಲಿಂದ ತರುತ್ತೀರಿ?

ಇನ್ನೊಂದು: ಕಂತು ನಿಂತು 2002ರ ಸರ್ಫೇಸಿ ಕಾಯ್ದೆಯಡಿ (ಬಾಕಿ ವಸೂಲಿಗೆ ಬ್ಯಾಂಕು ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಇರುವ ಕಾಯ್ದೆ) 60 ದಿನದ ನೋಟಿಸ್ ಬಂದಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಬಾಡಿಗೆಗಾಗಲಿ ಲೀಸ್‌ಗಾಗಲಿ ಕೊಡುವಂತೆಯೇ ಇಲ್ಲ.

*

ನಾನು ಮನೆ ಕೊಟ್ಟವಳಲ್ಲ, ಲೀಸ್‌ಗೆ ಇದ್ದವಳು. ಅಪ್ಪ ದಾವಣಗೆರೆ ಸೈಟ್ ಮಾರಿದ್ದ ದುಡ್ಡಿನಲ್ಲಿ 9 ಲಕ್ಷ ಕೊಟ್ಟು ಸೇರಿದ್ವಿ. ಓನರ್ ಅಂಕಲ್ ಒಳ್ಳೆಯವರೇ, ಹಬ್ಬಕ್ಕೆ ಒಬ್ಬಟ್ಟು ಕಳಿಸೋರು. ಸಾಲ ಇದೆ ಅಂತ ಮಾತ್ರ ಬಾಯಿ ಬಿಡಲಿಲ್ಲ. ಒಂದು ಮಧ್ಯಾಹ್ನ ಸ್ಕೂಲಿಂದ ಮಗಳನ್ನ ಕರ್ಕೊಂಡು ಬಂದ್ರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ, ಗೋಂದು ಇನ್ನೂ ಹಸಿ. ಮಗಳು "ಅಮ್ಮಾ, ನಮ್ಮನೆ ಮಾರಾಟಕ್ಕಾ?" ಅಂದ್ಲು. ಲಾಯರ್, ಕೋರ್ಟ್ ಅಂತ ಅಲೆದು ನಮಗೆ ಸಿಕ್ಕಿದ್ದು ಐದೂವರೆ ಲಕ್ಷ. ಮೊದಲೇ ಇಸಿ (ಆಸ್ತಿ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸೋ ಋಣಭಾರ ಪತ್ರ) ತೆಗೆಸಿ ನೋಡಿದ್ರೆ ಬ್ಯಾಂಕಿನ ಹೆಸರು ಅದರಲ್ಲೇ ಇತ್ತು. ಅಣ್ಣಾ, ಕೊಡೋದಾದ್ರೆ ಬ್ಯಾಂಕಿನ ಪತ್ರ ತೋರಿಸಿ ಕೊಡಿ. ಇಲ್ಲಾಂದ್ರೆ ಬಾಡಿಗೆಗೇ ಕೊಡಿ.

*

ತೆರಿಗೆ ಕಡೆಯಿಂದ ಒಂದೇ ಮಾತು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಬಾಡಿಗೆಗೆ ಕೊಟ್ಟರೆ 30% ಕಳೆದು ಉಳಿದ ಬಾಡಿಗೆಯಿಂದ ಬಡ್ಡಿ ಕಳೀಬಹುದು, ಸಂಬಳದಿಂದ ಮಾತ್ರ ಕಳೆಯೋ ಹಾಗಿಲ್ಲ. ಹೇಗಿದ್ದರೂ ರಿಟರ್ನ್‌ನಲ್ಲಿ ತೋರಿಸೋ ಬಾಡಿಗೆಯನ್ನ ಬ್ಯಾಂಕಿಗೆ ಯಾಕೆ ಮುಚ್ಚಿಡ್ತೀರಿ?

*

ಎಲ್ಲರಿಗೂ ಧನ್ಯವಾದ. ಕರಾರು ಸಿಕ್ತು, 17ನೇ ಪುಟದಲ್ಲಿ ಅದೇ ಷರತ್ತು ಇದೆ. ಲೀಸ್ ಬೇಡ ಅಂದಿದ್ದಕ್ಕೆ ಬ್ರೋಕರ್ ಮುಖ ಸಣ್ಣ ಮಾಡ್ಕೊಂಡ. ನನ್ನ ಹೆಂಡತಿಯೂ ಸಾಲದಲ್ಲಿದ್ದಾಳೆ, ಈಗ ಬಾಣಂತನಕ್ಕೆ ಸೊರಬದಲ್ಲಿದ್ದಾಳೆ. ಸ್ಕ್ಯಾನ್ ಮಾಡಿದ ಸಹಿ ನಡೆಯುತ್ತಾ?

*

ನಮ್ಮ ಶಾಖೇಲಿ ನಡೀಲಿಲ್ಲ ಸರ್. ಅರ್ಜಿ ಕೊರಿಯರ್ ಮಾಡಿ ಸಹಿ ಹಾಕಿಸಿಕೊಳ್ಳಿ. ಎರಡೂ ಪ್ರತಿಗೆ ಹಾಕಿಸಿ, ಮರೀಬೇಡಿ. ಮತ್ತೆ, ಗಂಡೋ ಹೆಣ್ಣೋ?