ಕಪಾಲ, ಕಪಾಳ, ಕಪೋಲ: ತಲೆಬುರುಡೆಯ ಮೂಳೆಗಳಿಗೆ ಯಾವ ಪದ?

ಪ್ರಶ್ನೆ

ಶುಶ್ರೂಷೆ ಕಲಿಯುವವರಿಗಾಗಿ ತಲೆಬುರುಡೆಯ ಪಾಠವೊಂದು ಕನ್ನಡಕ್ಕೆ ಬರುತ್ತಿದೆ. ಸ್ಕಲ್, ಕ್ರೇನಿಯಂ ಎರಡಕ್ಕೂ ಹಲವರು ‘ಕಪಾಲ’ ಎಂದೇ ಬರೆಯುತ್ತಾರೆ. ಕೆಲವೆಡೆ ‘ಕಪಾಳದ ಮೂಳೆ’ ಎಂದಿದೆ, ಕೆನ್ನೆಯ ಮೂಳೆಗೆ ‘ಕಪೋಲಾಸ್ಥಿ’ ಎಂದಿದೆ. ಒಂದು ಪುಸ್ತಕ ತಲೆಯ ಮೂಳೆಗಳು 22 ಎಂದರೆ ಇನ್ನೊಂದು 29 ಎನ್ನುತ್ತದೆ. ತಲೆಮೂಳೆಗಳು ಕೂಡುವ ಗೆರೆಗೆ, ಅಂದರೆ ಸೂಚರ್‌ಗೆ, ‘ಬೆಸುಗೆ’ ಸರಿಯೋ ‘ಹೊಲಿಗೆ’ ಸರಿಯೋ? ಟೆಂಪೊರಲ್, ಪರೈಟಲ್, ಸ್ಫೀನಾಯ್ಡ್ ಎಂಬ ಮೂಳೆಗಳಿಗೆ ಬಳಕೆಯಲ್ಲಿ ನಿಲ್ಲಬಲ್ಲ ಹೆಸರುಗಳಿದ್ದರೆ ತಿಳಿಸಿ.

ಉತ್ತರ 1

ಮೊದಲು ಆ ಮೂರು ಪದಗಳನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಇಲ್ಲಿ ಒಂದಕ್ಷರ ತಪ್ಪಿದರೆ ಮೂಳೆಯೇ ಬದಲಾಗುತ್ತದೆ. ಸಂಸ್ಕೃತದಲ್ಲಿ ಕಪಾಲ ತಲೆಯ ಚಿಪ್ಪು, ಕಪೋಲ ಕೆನ್ನೆ. ಕಪಾಲದ ಲಕಾರ ಹಳಗನ್ನಡದಲ್ಲಿ ಳಕಾರವಾಯಿತು. ಹಾಗಾಗಿ ಹಳೆಯ ಕಾವ್ಯದ ‘ಕಪಾಳ’ವೂ ಬುರುಡೆಯೇ. ಆದರೆ ಇಂದಿನ ಮಾತಿನಲ್ಲಿ ಕಪಾಳಕ್ಕೆ ಬಾರಿಸಿದರೆ ಏಟು ಬೀಳುವುದು ಕೆನ್ನೆಗೆ. ಆಸ್ಪತ್ರೆಯ ಚೀಟಿಯಲ್ಲಿ ‘ಕಪಾಳದ ಮೂಳೆ ಮುರಿತ’ ಎಂದು ಬರೆದರೆ ಓದುವವರು ಕೆನ್ನೆ ಎಂದೇ ತಿಳಿಯುತ್ತಾರೆ. ಕೆನ್ನೆಮೂಳೆ ಮುರಿದಾಗ ಮುಖ ಚಪ್ಪಟೆಯಾಗುವುದು, ಬಾಯಿ ತೆರೆಯಲು ಕಷ್ಟವಾಗುವುದು, ವಸ್ತು ಎರಡೆರಡಾಗಿ ಕಾಣುವುದು ಉಂಟು. ಕಪಾಲ ಮುರಿದಾಗಿನ ಚಿಂತೆಯೇ ಬೇರೆ: ಒಳಗೆ ರಕ್ತ ಸೋರಿ ಮಿದುಳನ್ನು ಒತ್ತೀತೆಂಬ ಭಯ. ಆದ್ದರಿಂದ ‘ಕಪಾಳ’ವನ್ನು ಪಾಠದಿಂದ ಪೂರ್ತಿ ಬಿಡಿ, ‘ಕಪೋಲಾಸ್ಥಿ’ಯ ಬದಲು ‘ಕೆನ್ನೆಮೂಳೆ’ ಎನ್ನಿ. ‘ಕಪಾಲ’ ಮಿದುಳನ್ನು ಸುತ್ತುವರಿದ ಭಾಗಕ್ಕೆ, ಅಂದರೆ ಕ್ರೇನಿಯಂಗೆ ಮಾತ್ರ ಮೀಸಲಿರಲಿ. ಮುಖದ ಮೂಳೆಗಳೂ ಸೇರಿದ ಇಡಿಯದಕ್ಕೆ ‘ತಲೆಬುರುಡೆ’. ಬರೀ ‘ಬುರುಡೆ’ ಬೇಡ. ಬುರುಡೆ ಬಿಡುವವರ ನೆನಪಾಗುತ್ತದೆ.

ಕಪಾಲಕ್ಕೆ ಇನ್ನೊಂದು ಹಳೆಯ ಅರ್ಥವೂ ಇದೆ, ಆಯುರ್ವೇದದ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡವರು ಇಲ್ಲಿ ಎಡವುತ್ತಾರೆ. ಸುಶ್ರುತ ಸಂಹಿತೆ ಮೂಳೆಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದು ಬಗೆ ಮಾಡುತ್ತದೆ. ಅಲ್ಲಿ ಕಪಾಲವೆಂದರೆ ಮಡಕೆಯ ಬೋಕಿಯಂತೆ ಚಪ್ಪಟೆಯಾದ ಮೂಳೆ; ಮಂಡಿ, ನಿತಂಬ, ಹೆಗಲಿನವೂ ಆ ಗುಂಪಿಗೆ ಸೇರುತ್ತವೆ. ಅದು ಆಕಾರದ ಹೆಸರು, ಜಾಗದ ಹೆಸರಲ್ಲ.

ಎಣಿಕೆಯ ವಿಷಯ. ಎರಡು ಪುಸ್ತಕಗಳೂ ಸರಿ, ಎಣಿಸಿದ್ದು ಬೇರೆ. ಕಪಾಲದಲ್ಲಿ 8: ಹಣೆಮೂಳೆ, ಹಿಂದಲೆ ಮೂಳೆ, ಸ್ಫೀನಾಯ್ಡ್, ಎಥ್ಮಾಯ್ಡ್ ಒಂದೊಂದು, ಪರೈಟಲ್, ಟೆಂಪೊರಲ್ ಎರಡೆರಡು. ಮುಖದಲ್ಲಿ 14: ಕೆಳದವಡೆ ಮತ್ತು ಮೂಗಿನ ನಡುಗೋಡೆಯ ವೋಮರ್ ಒಂದೊಂದು, ಮೇಲ್ದವಡೆ, ಕೆನ್ನೆ, ಮೂಗಿನ ಸೇತುವೆ, ಕಣ್ಣೀರು, ಅಂಗುಳ, ಮೂಗಿನೊಳಗಿನ ಕೆಳಸುರುಳಿ ಇವುಗಳ ಮೂಳೆಗಳು ಎರಡೆರಡು. ಒಟ್ಟು 22. ಎರಡೂ ಕಿವಿಗಳ ಕಿರುಮೂಳೆ 6, ಗಂಟಲ ಮೇಲ್ಭಾಗದ ಹಯಾಯ್ಡ್ 1 ಸೇರಿಸಿದರೆ 29. ಹಯಾಯ್ಡ್ ತಲೆಬುರುಡೆಗೆ ನೇರವಾಗಿ ಕೂಡಿಕೊಂಡಿಲ್ಲ, ಹಾಗಾಗಿ ‘ತಲೆಬುರುಡೆಯಲ್ಲಿ 29’ ಎನ್ನುವಂತಿಲ್ಲ. ‘ತಲೆಯ ಭಾಗದಲ್ಲಿ 29’ ಎಂದರೆ ಸರಿ.

ಟೆಂಪೊರಲ್‌ಗೆ ಚಾಲ್ತಿಯಲ್ಲಿರುವ ‘ಶಂಖಾಸ್ಥಿ’ ಶಾಸ್ತ್ರಶುದ್ಧ. ಶಂಖವೆಂದರೆ ಹಣೆಯ ಪಕ್ಕದ ಭಾಗವೂ ಹೌದು. ಆದರೆ ಈಗಿನ ಓದುಗರಿಗೆ ಶಂಖವೆಂದರೆ ಊದುವ ಶಂಖ ಮಾತ್ರ. ಜತೆಗೆ ಮೂಗಿನೊಳಗಿನ ಸುರುಳಿಯಾದ ಕಾಂಕಾಕ್ಕೂ ‘ನಾಸಾಶಂಖ’ ಎಂದು ಬರೆದುಬಿಟ್ಟರೆ (ಲ್ಯಾಟಿನ್ನಿನ ಆ ಪದಕ್ಕೂ ಚಿಪ್ಪು, ಶಂಖ ಎಂದೇ ಅರ್ಥ) ಒಂದೇ ಪುಟದಲ್ಲಿ ಎರಡು ಶಂಖಗಳಾಗುತ್ತವೆ. ಕಿವಿ ಮತ್ತು ಕಣ್ಣಿನ ನಡುವಿನ ಜಾಗಕ್ಕೆ ಕನ್ನಡದಲ್ಲಿ ‘ಕಣತಲೆ’ ಎಂಬ ಪದವಿರುವಾಗ ‘ಕಣತಲೆ ಮೂಳೆ’ ಸಾಕು. ಮೂಗಿನದು ‘ಸುರುಳಿಮೂಳೆ’ ಆಗಲಿ.

ಕಣತಲೆಗೂ ಕೆನ್ನೆಗೂ ನಡುವಿನ ಕಮಾನಿನಲ್ಲಿ ಅನುವಾದಕರು ಮತ್ತೆ ಜಾರುತ್ತಾರೆ. ಅದು ಎರಡು ಚಾಚುಗಳು ಕೂಡಿ ಆದದ್ದು. ಚಾಚಿನ ಹೆಸರು ಅದು ಹುಟ್ಟಿದ ಮೂಳೆಯದಲ್ಲ, ಮುಟ್ಟುವ ಮೂಳೆಯದು. ಟೆಂಪೊರಲ್‌ನ ಜೈಗೋಮ್ಯಾಟಿಕ್ ಪ್ರೋಸೆಸ್ ಎಂದರೆ ‘ಕಣತಲೆ ಮೂಳೆಯ ಕೆನ್ನೆಚಾಚು’. ಎದುರಿನದು ‘ಕೆನ್ನೆಮೂಳೆಯ ಕಣತಲೆಚಾಚು’. ತಿರುವುಮುರುವಾದರೆ ಚಿತ್ರದ ಬಾಣದ ಗುರುತಿಗೂ ಪಾಠಕ್ಕೂ ತಾಳೆಯಾಗದು.

ಪರೈಟಲ್‌ಗೆ ‘ಪಾರ್ಶ್ವಾಸ್ಥಿ’ ಎಂದರೆ ವಿದ್ಯಾರ್ಥಿ ಕಿವಿಯ ಹತ್ತಿರ ಹುಡುಕುತ್ತಾನೆ. ಅಲ್ಲಿರುವುದು ಕಣತಲೆ ಮೂಳೆ. ಪರೈಟಲ್ ಜೋಡಿ ಕೂಡುವುದು ನಡುನೆತ್ತಿಯಲ್ಲಿ, ಇಳಿಯುವುದು ಪಕ್ಕಗಳಿಗೆ. ‘ಎಡ ನೆತ್ತಿಮೂಳೆ, ಬಲ ನೆತ್ತಿಮೂಳೆ’ ಎಂದರೆ ಕೈ ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗುತ್ತದೆ.

ಸ್ಫೀನಾಯ್ಡ್‌ನ ಗ್ರೀಕ್ ಮೂಲಕ್ಕೆ ಬೆಣೆ ಎಂದರ್ಥ. ಕಪಾಲದ ಉಳಿದೆಲ್ಲ ಮೂಳೆಗಳ ನಡುವೆ ಹೊಕ್ಕು ಎಲ್ಲವನ್ನೂ ಮುಟ್ಟುವ ಮೂಳೆ ಇದು, ‘ಬೆಣೆಮೂಳೆ’ ಒಪ್ಪುತ್ತದೆ. ವೋಮರ್ ಎಂದರೆ ನೇಗಿಲಿನ ಗುಳ. ‘ಗುಳಮೂಳೆ’ ಕೇಳಲು ಹೊಸತಾದರೂ ಚಿತ್ರ ನೋಡಿದವರು ಮರೆಯಲಾರರು. ಎಥ್ಮಾಯ್ಡ್ ಮಾತ್ರ ಕೈಕೊಡುತ್ತದೆ. ಆ ಪದಕ್ಕೂ ಜರಡಿ ಎಂದರ್ಥ, ಅದರದೇ ಭಾಗವಾದ ಕ್ರಿಬ್ರಿಫಾರ್ಮ್ ಫಲಕಕ್ಕೂ ಜರಡಿ ಎಂದೇ ಅರ್ಥ. ವಾಸನೆಯ ನರದ ಎಳೆಗಳು ಹಾಯುವುದು ಫಲಕದ ತೂತುಗಳಲ್ಲಿ. ಅದು ಬಿರುಕುಬಿಟ್ಟರೆ ಮಿದುಳಿನ ಸುತ್ತಲ ದ್ರವ ಮೂಗಿನಿಂದ ತೊಟ್ಟಿಕ್ಕಬಹುದು. ಆದ್ದರಿಂದ ಜರಡಿಯನ್ನು ಫಲಕಕ್ಕೆ ಕೊಟ್ಟು, ಮೂಳೆಯನ್ನು ಎಥ್ಮಾಯ್ಡ್ ಎಂದೇ ಉಳಿಸಿ. ಎಲ್ಲಕ್ಕೂ ಕನ್ನಡ ಹೆಸರು ಹೊಸೆಯಲೇಬೇಕೆಂಬ ಹಟ ಬೇಡ.

ಇನ್ನು ಸೂಚರ್. ‘ಬೆಸುಗೆ’ ಖಂಡಿತ ಬೇಡ. ಎಳೆಯ ಮಗುವಿನಲ್ಲಿ ಈ ಗೆರೆಗಳು ಬೆಸೆದಿರುವುದಿಲ್ಲ. ಅಂಚುಗಳ ನಡುವೆ ನಾರಿನಂಥ ಅಂಗಾಂಶವಿರುತ್ತದೆ. ಹೆರಿಗೆಯಲ್ಲಿ ಮೂಳೆಗಳು ಒಂದರ ಮೇಲೊಂದು ತುಸು ಸರಿಯಲು, ಆಮೇಲೆ ಮಿದುಳು ಬೆಳೆದಂತೆ ತಲೆ ದೊಡ್ಡದಾಗಲು ಅದೇ ಆಸರೆ. ಹೊತ್ತಿಗೆ ಮುಂಚೆ ಕೂಡಿಕೊಂಡರೆ ಅದೇ ಕ್ರೇನಿಯೊಸಿನೊಸ್ಟೋಸಿಸ್ ಎಂಬ ತೊಂದರೆ. ಸೂಚರ್ ಬೆಸುಗೆಯಾದರೆ ಇದನ್ನು ‘ಬೆಸುಗೆ ಬೇಗ ಬೆಸೆದುಕೊಂಡಿತು’ ಎಂದು ಬರೆಯಬೇಕಾದೀತು! ಹೊಲಿಗೆಯೇ ವಾಸಿ.

ಉತ್ತರ 2

ಉಳಿದದ್ದಕ್ಕೆ ಒಪ್ಪಿಗೆ, ಹೊಲಿಗೆಯದ್ದಕ್ಕೆ ಅರ್ಧ ಒಪ್ಪಿಗೆ. ಶುಶ್ರೂಷೆಯವರಿಗೆ ಹೊಲಿಗೆ ಎಂದರೆ ಗಾಯಕ್ಕೆ ಹಾಕಿದ್ದು. ‘ತಲೆಯ ಹೊಲಿಗೆ ಬಿಟ್ಟಿದೆ’ ಎಂದರೆ ದಾರ ಸಡಿಲವಾಯಿತೋ, ಮೂಳೆಯ ಅಂಚುಗಳು ಅಗಲಿದವೋ ತಿಳಿಯದು. ಇಂಗ್ಲಿಷಿನಲ್ಲೂ ಇದೇ ಗೊಂದಲವಿದೆ, ನಾವೇಕೆ ಎರವಲು ತರಬೇಕು? ಸುಶ್ರುತದ ‘ಸೇವನಿ’ ಕೈಗೆಟಕುವಂತಿದೆ, ತಲೆಯಲ್ಲಿ ಐದು ಸೇವನಿಗಳನ್ನು ಅಲ್ಲಿ ಹೇಳಿದೆ. ಆದರೆ ಕರಡು ತಿದ್ದುವವರು ಅದನ್ನು ‘ಸೇವನೆ’ ಮಾಡದೆ ಬಿಡರು. ಪ್ರತಿ ಬಾರಿಯೂ ‘ಮೂಳೆಹೊಲಿಗೆ’ ಎಂದು ಕೂಡಿಸಿ ಬರೆಯುವುದು, ಕ್ರಿಯಾಪದವನ್ನೂ ‘ಅಗಲವಾಗಿದೆ’, ‘ಕೂಡಿದೆ’ ಎಂದು ಇಡುವುದು ಉತ್ತಮ.

ಇದರ ಜತೆಗೇ ಫಾಂಟನೆಲ್, ಅಂದರೆ ಎಳೆಗೂಸಿನ ತಲೆಮೂಳೆಗಳ ನಡುವಿನ ಮೆದುವಾದ ಜಾಗ, ಬರುತ್ತದೆ. ಅದನ್ನು ‘ಬ್ರಹ್ಮರಂಧ್ರ’ ಎನ್ನುವುದುಂಟು. ಆದರೆ ಪಾಠದಲ್ಲಿ ಫೊರಾಮೆನ್‌ಗೆ, ಅಂದರೆ ನರ, ರಕ್ತನಾಳ ಹಾಯುವ ತೂತಿಗೆ, ‘ರಂಧ್ರ’ ಎಂದಾಗಿದೆ. ಹಿಂದಲೆ ಮೂಳೆಯ ಬುಡದಲ್ಲಿ ‘ಮಹಾರಂಧ್ರ’ವೂ ಇದೆ. ಫಾಂಟನೆಲ್ ತೂತಲ್ಲ, ಗಟ್ಟಿ ಪೊರೆ ಮುಚ್ಚಿದ ಜಾಗ. ಮನೆಮಾತಿನ ‘ನೆತ್ತಿ’ ಸಹಜವಾಗಿದ್ದರೂ ನೆತ್ತಿಮೂಳೆ ಎಂದು ಆಗಲೇ ಒಪ್ಪಿರುವುದರಿಂದ ಇದಕ್ಕೆ ‘ಮೆದುನೆತ್ತಿ’ ಇರಲಿ. ಮುಂದಿನ ಮೆದುನೆತ್ತಿ ವಜ್ರಾಕಾರದ್ದು, ಸಾಮಾನ್ಯವಾಗಿ 1ರಿಂದ 2 ವರ್ಷದೊಳಗೆ ಮುಚ್ಚುತ್ತದೆ. ಹಿಂದಿನದು ತ್ರಿಕೋನ, ಮೊದಲ 2-3 ತಿಂಗಳಲ್ಲೇ ಮುಚ್ಚುತ್ತದೆ. ಮೈಯ ನೀರಿನಂಶ ಕಡಿಮೆಯಾದಾಗ ಮೆದುನೆತ್ತಿ ‘ಕುಳಿ ಬೀಳುತ್ತದೆ’, ಒಳಗಿನ ಒತ್ತಡ ಏರಿದಾಗ ‘ಉಬ್ಬುತ್ತದೆ’. ‘ತೆರೆದಿದೆ’ ಎಂಬ ಪದವನ್ನು ಇನ್ನೂ ಮುಚ್ಚಿಕೊಳ್ಳದಿರುವುದಕ್ಕೆ ಮಾತ್ರ ಬಳಸಿ. ಇಲ್ಲವಾದರೆ ತಾಯಿಯಾದವರು ಅದನ್ನು ಗಾಯ ಎಂದುಕೊಂಡು ಗಾಬರಿಯಾಗುತ್ತಾರೆ.