ಈ ವಾರದ ಸಮಸ್ಯೆ: ‘ಸತ್ತ ಕಟ್ಟಿಗೆಯುರಿದು ಬೂದಿಯಿಲ್ಲ’

ಬಸವನಗುಡಿ ಮೇಷ್ಟ್ರು:
ಮಿತ್ರರೇ, ಪಂಚಮಾತ್ರೆಯ ಚೌಪದಿ, ಅಂದರೆ ಐದೈದು ಮಾತ್ರೆಯ ಲಯದ ನಾಲ್ಕು ಸಾಲು. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ) ಕಡ್ಡಾಯ. ಮೇಲಿನದು ನಾಲ್ಕನೇ ಸಾಲು, ಅದಕ್ಕೆ ಅರ್ಥ ಹೊಂದುವಂತೆ ಮೊದಲ ಮೂರು ಸಾಲು ಕಟ್ಟುವುದೇ ಪೂರಣ. ವಸ್ತು, ಕತ್ತಲಲ್ಲಿ ಹೊಳೆಯುವ ಅಣಬೆ. ಸ್ಮಶಾನ, ವಿರಹ, ರಾಜಕಾರಣ ಈ ಸಲ ಬೇಡ, ದಯವಿಟ್ಟು.

ಕಾನುಮನೆ:
ಕತ್ತಲೆಯ ಕಾನಿನಲಿ ಮಳೆ ನಿಂತ ನಡುವಿರುಳು
ಸುತ್ತ ಮಿಣುಕಿತು ಹಸಿರು ನೆಲದ ತುಂಬ
ಎತ್ತಿ ಹಿಡಿದರೆ ಕೊಂಬೆ ಕೈ ಸುಡದು, ಬಿಸಿಯಿರದು
ಸತ್ತ ಕಟ್ಟಿಗೆಯುರಿದು ಬೂದಿಯಿಲ್ಲ

ನಮ್ಮೂರು ಘಟ್ಟದ ಮೇಲೆ, ಈಗಿರೋದು ವಿಜಯನಗರ. ಹೊಳೆಯೋದು ಅಣಬೆಯ ಕೊಡೆ ಮಾತ್ರ ಅಲ್ಲ. ಕೊಳೆತ ಮರದೊಳಗೆ ಹಬ್ಬಿದ ಶಿಲೀಂಧ್ರದ ಎಳೆಗಳೂ ಹೊಳೆಯುತ್ತವೆ. ಕಬ್ಬನ್ ಪಾರ್ಕಿನಲ್ಲಿ ಹುಡುಕೋಕೆ ಹೋಗಬೇಡಿ. ಇದ್ದರೂ ಬೀದಿದೀಪದ ಮುಂದೆ ಕಾಣಲ್ಲ.

ಬಸವನಗುಡಿ ಮೇಷ್ಟ್ರು:
ಓಟ ಚೆನ್ನಾಗಿದೆ. ಆದರೆ ಇದು ವರ್ಣನೆಯಾಯಿತು, ಪೂರಣವಾಗಲಿಲ್ಲ. ಕೈ ಸುಡಲಿಲ್ಲ, ಸರಿ. ‘ಉರಿದು’ ಅನ್ನೋದಕ್ಕೆ ಸಮರ್ಥನೆ ಎಲ್ಲಿ?

ಫಿಲ್ಟರ್ ಕವಿ:
ಹೊತ್ತಾಯ್ತು ಕಾಫಿಗೆನೆ ನಕ್ಕಿತೈ ನಾಯಿಕೊಡೆ
‘ಕುತ್ತಿಗೆಯ ತನಕ ನಾ ಕುಡಿದೆನೆಂದು’
ಇತ್ತಲೆಮ್ಮಯ ಫಿಲ್ಟರಿಳಿಯದಿರಲತ್ತಲೋ
ಸತ್ತ ಕಟ್ಟಿಗೆಯುರಿದು ಬೂದಿಯಿಲ್ಲ

ತಮಾಷೆ ಅಂದ್ಕೋಬೇಡಿ ಮೇಷ್ಟ್ರೇ. ಈ ಬೆಳಕಿನ ಕಚ್ಚಾಮಾಲು ಕೆಫೀಕ್ ಆಮ್ಲ, ಕಾಫಿಯಲ್ಲೂ ಇರುವಂಥದ್ದು. (ಕೆಫೀನ್ ಬೇರೆ!) ಅದು ಹಿಸ್ಪಿಡಿನ್ ಆಗಿ, ಆಮೇಲೆ ಲೂಸಿಫೆರಿನ್ ಆಗಿ, ಆಮ್ಲಜನಕದ ಜೊತೆ ಸೇರಿ ಹಸಿರು ಬೆಳಕು ಕೊಡುತ್ತೆ. ಈ ದಾರಿಯ ಜೀನುಗಳು ಗೊತ್ತಾಗಿದ್ದು 2018ರಲ್ಲಿ.

ಮಲ್ಲೇಶ್ವರದ ಮಾತ್ರೆ:
ಅಣ್ಣ, ‘ಎಮ್ಮಯ ಫಿಲ್ಟರ್’ ಓದಿ ಹಳಗನ್ನಡಕ್ಕೂ ಒಂದು ಲೋಟ ಕಾಫಿ ಕೊಡಿಸೋಣ ಅನ್ನಿಸ್ತು. ನನ್ನದು:

ಕತ್ತಲಲಿ ಕೀಟಗಳ ಕರೆವ ಹಸಿರಂಗಡಿಯೊ
ಬಿತ್ತಲೆನೆ ತನ್ನ ಕಣಗಳ ದೂರಕೆ
ಹಗಲು ಮಂಕಾಗಿರುಳು ಮಿನುಗುವುದ ಬಲ್ಲಿರೇ
ಸತ್ತ ಕಟ್ಟಿಗೆಯುರಿದು ಬೂದಿಯಿಲ್ಲ

2015ರಲ್ಲಿ ಬ್ರೆಜಿಲ್‌ನ ಒಂದು ಅಣಬೆಯ ಮೇಲಿನ ಅಧ್ಯಯನ ಬಂತಲ್ಲ, ಅದೇ ಇಲ್ಲಿದೆ. ಅಕ್ರಿಲಿಕ್ ಅಣಬೆ ಮಾಡಿ, ಒಳಗೆ ಹಸಿರು ಎಲ್‌ಇಡಿ ಇಟ್ಟು, ಮೇಲೆ ಅಂಟು ಹಚ್ಚಿ ಕಾಡಲ್ಲಿ ನಿಲ್ಲಿಸಿದರು. ಬೆಳಕಿಲ್ಲದವಕ್ಕಿಂತ ಬೆಳಕಿದ್ದವಕ್ಕೆ ಹೆಚ್ಚು ಹುಳ ಅಂಟಿಕೊಂಡವು. ಹುಳುಗಳ ಮೈಗೆ ಹತ್ತಿ ಬೀಜಾಣು ದೂರ ಹೋಗುತ್ತವೆ ಅನ್ನೋದು ಅವರ ಊಹೆ. ಆ ಬ್ರೆಜಿಲ್ ಅಣಬೆಗೆ ಒಳಗೇ ಒಂದು ಗಡಿಯಾರವೂ ಇದೆ, ಇರುಳಲ್ಲಿ ಬೆಳಕು ಏರುತ್ತೆ.

ಬಸವನಗುಡಿ ಮೇಷ್ಟ್ರು:
ಅಂಗಡಿಯ ಕಲ್ಪನೆ ಹೊಸದು. ಮೂರನೇ ಸಾಲಿಗೆ ಪ್ರಾಸ ಹೋಯಿತು, ತಾಯಿ. ‘ತ್ತ’ ಇರಬೇಕಾದಲ್ಲಿ ‘ಗ’ ಕೂತಿದೆ. ಹೀಗೆ ಮಾಡಬಹುದು: ‘ಹೊತ್ತಿಳಿಯೆ ಮಿನುಗಿ ಹಗಲೊಳು ಮಂಕುಗವಿಯುವುದು’. ಆದರೂ ನಾಲ್ಕನೇ ಸಾಲು ಮೇಲಿನ ಮೂರಕ್ಕೆ ಹೊಂದಿಕೊಂಡಿಲ್ಲ. ಹುಳಕ್ಕೂ ಬೂದಿಗೂ ಏನು ಸಂಬಂಧ?

ಗಾಂಧಿಬಜಾರ್ ಗಮಕಿ:
ಬತ್ತಿಯಿಲ್ಲೆಣ್ಣೆಯಿಲ್ಲುಸಿರೊಂದೆ ಸಾಕಂತೆ
ಮುತ್ತಿ ಹೆಣೆದಿಹ ಬಿಳಿಯ ನೂಲ ಬಲೆಗೆ
ತುತ್ತುತುತ್ತಾಗಿ ಮರ ಮಣ್ಣಿಗಿಳಿವಾಗೆಲ್ಲ
ಸತ್ತ ಕಟ್ಟಿಗೆಯುರಿದು ಬೂದಿಯಿಲ್ಲ

ಕಾನುಮನೆ:
ಆಹಾ! ‘ಉಸಿರೊಂದೆ ಸಾಕು’, ಇಲ್ಲಿದೆ ನೋಡಿ ಕೀಲಿ. 17ನೇ ಶತಮಾನದಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಹೊಳೆಯುವ ಕಟ್ಟಿಗೆಯನ್ನು ಗಾಜಿನ ಪಾತ್ರೆಯಲ್ಲಿಟ್ಟು ಪಂಪಿನಿಂದ ಗಾಳಿ ಎಳೆದ. ಬೆಳಕು ಆರಿತು. ಗಾಳಿ ಬಿಟ್ಟ, ಮತ್ತೆ ಬಂತು. ಕೆಂಡದಂತೆ ಇದಕ್ಕೂ ಗಾಳಿ ಬೇಕು, ಶಾಖ ಮಾತ್ರ ಇಲ್ಲ.

ಬಸವನಗುಡಿ ಮೇಷ್ಟ್ರು:
ಹಾಗಾಗಿಯೇ ಇದು ಪೂರಣ. ಸತ್ತದ್ದು ಮರ, ಉರಿಸುವುದು ಅದನ್ನು ತಿನ್ನುವ ಜೀವ, ಉಳಿಯುವುದು ಮಣ್ಣು. ‘ಸತ್ತ’, ‘ಉರಿದು’, ‘ಬೂದಿ’ ಮೂರಕ್ಕೂ ಲೆಕ್ಕ ಒಪ್ಪಿಸಿದ್ದಾರೆ. ‘ಹೆಣೆದಿಹ’ ಮಾತ್ರ ತುಸು ಹಳೆಯ ವೇಷ ಹಾಕಿದೆ, ಆದರೂ ಬಹುಮಾನ ಇದಕ್ಕೇ.

ಫಿಲ್ಟರ್ ಕವಿ:
ಒಂದು ತಕರಾರು. ನಮ್ಮ ಗ್ಯಾಸ್ ಒಲೆಯಲ್ಲೂ ಬೂದಿ ಬರಲ್ಲ. ಅದನ್ನೂ ಪೂರಣಕ್ಕೆ ತಗೋತೀರಾ?

ಬಸವನಗುಡಿ ಮೇಷ್ಟ್ರು:
ಕಟ್ಟಿಗೆ ಎಲ್ಲಿ ಸ್ವಾಮಿ?

ಫಿಲ್ಟರ್ ಕವಿ:
ಚಿಕೋರಿಯಲ್ಲಿ.